ಸೊಂಟದೆತ್ತರದ ಬಾಗಿಲು

ಹಳೆಯ ದೊರೆ ತೀರಿಕೊಂಡ ನಲವತ್ತನೆಯ ದಿನ ನದಿಯಾಚೆಯ ಬಯಲಿನಲ್ಲಿ ಮೊದಲ ಕಾಳಗ ನಡೆಯಿತು. ಸಿಂಹಾಸನ ತನ್ನದೆಂದು ದೊರೆಯ ಮಗಳು ಹೇಳುತ್ತಿದ್ದಳು. ಅಲ್ಲ, ತನ್ನದೆಂದು ದೊರೆಯ ತಮ್ಮ ಹೇಳುತ್ತಿದ್ದ. ಜನ ಅವಳನ್ನು ರಾಜಕುಮಾರಿ ಎಂದೂ ಅವನನ್ನು ಚಿಕ್ಕದೊರೆ ಎಂದೂ ಕರೆಯುತ್ತಿದ್ದರು. ಹನ್ನೆರಡು ಸಾಮಂತರಲ್ಲಿ ಮೂವರು ಅವಳ ಕಡೆ, ಮೂವರು ಅವನ ಕಡೆ. ಉಳಿದ ಆರು ಮಂದಿ, ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಿಕೊಂಡು ತೂರೋಣವೆಂದು ಮೊರ ಹಿಡಿದು ಕೂತಿದ್ದರು.

ಬಯಲಿಗೂ ನಗರಕ್ಕೂ ನಡುವೆ ನದಿ. ನದಿಗೆ ಇದ್ದದ್ದು ಕಲ್ಲಿನ ಸೇತುವೆಯೊಂದೇ. ಸೇತುವೆಯ ಈ ತುದಿಗೆ ನಗರದ ಒಂದೇ ಹೆಬ್ಬಾಗಿಲು. ನಗರ ರಾಜಕುಮಾರಿಯ ಕೈಯಲ್ಲಿತ್ತು; ಇಡೀ ರಾಜ್ಯದ ಕಣಜಗಳು ಅದರ ಗೋಡೆಯೊಳಗಿದ್ದವು. ನಗರ ಹೋದರೆ ಅನ್ನ ಹೋಯಿತು, ಅನ್ನ ಹೋದರೆ ಯುದ್ಧ ಮುಗಿಯಿತು; ಇದು ಎರಡೂ ಕಡೆಯವರಿಗೆ ಗೊತ್ತಿತ್ತು.

ಆ ಬಾಗಿಲನ್ನು ಏರಿಸಿ ಇಳಿಸುವ ಕೆಲಸ ಒಬ್ಬ ವಿಧವೆಯದು. ನಾಲ್ಕು ತಲೆಮಾರಿನಿಂದ ಅವಳ ಗಂಡನ ಮನೆಯವರು ಮಾಡಿಕೊಂಡು ಬಂದ ಕೆಲಸ. ಗಂಡ ಎದೆನೋವಿನಿಂದ ಹೋದಮೇಲೆ ಪಡೆಗೆ ಸೇರಿದ್ದ ಗಂಡನ ತಮ್ಮನನ್ನು ಬಿಟ್ಟರೆ ಆ ರಾಟೆಯ ಸ್ವಭಾವ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳಿಗೇ ಬಂತು. ಊರವರು ಅವಳನ್ನು ಬಾಗಿಲಕ್ಕ ಎನ್ನುತ್ತಿದ್ದರು.

ಬಾಗಿಲೆಂದರೆ ತೆರೆದು ಮುಚ್ಚುವ ಕದವಲ್ಲ. ಕಬ್ಬಿಣದ ಪಟ್ಟಿ ಹೊಡೆದ ದಪ್ಪ ಮರದ ಜಾಲರಿ. ಎರಡು ಸರಪಳಿಗಳಲ್ಲಿ ನೇತಾಡುತ್ತ ನೇರ ಮೇಲಕ್ಕೇರಿ ನೇರ ಕೆಳಗೆ ಬೀಳುವಂಥದ್ದು. ಸರಪಳಿಗಳು ಬಾಗಿಲ ಮೇಲಿನ ಕೋಣೆಯಲ್ಲಿದ್ದ ಆಳೆತ್ತರದ ರಾಟೆಗೆ ಸುತ್ತಿಕೊಳ್ಳುತ್ತಿದ್ದವು. ರಾಟೆಯನ್ನು ತಡೆಯಲು ಗೋಡೆಯಲ್ಲಿ ಗೂಟದ ತೂತುಗಳು ಎರಡೇ: ಒಂದು ಬಾಗಿಲು ಪೂರ್ತಿ ಮೇಲಿದ್ದಾಗಿನದು, ಇನ್ನೊಂದು ಪೂರ್ತಿ ಕೆಳಗಿದ್ದಾಗಿನದು. ನಡುವೆ ಎಲ್ಲಾದರೂ ನಿಲ್ಲಿಸಬೇಕಾದೀತು ಎಂಬುದು ಕಟ್ಟಿದವನ ತಲೆಗೆ ಹೊಳೆದಿರಲಿಲ್ಲ.

ಕೋಣೆಯ ಹಿಂಭಾಗದಲ್ಲೇ ಮನೆ. ಅಲ್ಲಿ ಬಾಗಿಲಕ್ಕನ ಜೊತೆ ಅವಳ ಮೈದುನ ಮತ್ತು ಅವನ ಹೆಂಡತಿ ಇದ್ದರು. ಬಿಸಿಲು ಬೀಳುವ ಮುಂದಿನ ಕೋಣೆ ಯಾರಿಗೆ ಎಂಬ ವಿಷಯಕ್ಕೆ ಓರಗಿತ್ತಿಯರಿಬ್ಬರಿಗೂ ಜಗಳವಾಗಿ ಎರಡು ವರ್ಷದಿಂದ ಮಾತಿರಲಿಲ್ಲ. ಹೇಳಬೇಕಾದ್ದಿದ್ದರೆ ಮನೆಯ ಬೆಕ್ಕಿಗೆ ಹೇಳುತ್ತಿದ್ದರು. “ಕೇಳಿಸ್ತೇನೇ ಬೆಕ್ಕೇ, ಸೌದೆ ಮುಗಿದಿದೆ” ಎಂದು ಒಬ್ಬಳು. “ಗೊತ್ತು ಕಣೇ ಬೆಕ್ಕೇ, ನಂಗೂ ಕಣ್ಣಿದೆ” ಎಂದು ಇನ್ನೊಬ್ಬಳು.

ಮೈದುನ ಚಿಕ್ಕದೊರೆಯ ಕಾಲಾಳುಪಡೆಯಲ್ಲಿದ್ದ. ದೊರೆ ಸತ್ತ ವಾರದಲ್ಲೇ ಅವನ ತುಕಡಿಗೆ ಕರೆ ಬಂತು, ಹೋದ. ಬಾಗಿಲಕ್ಕನ ಒಬ್ಬನೇ ತಮ್ಮ ರಾಜಕುಮಾರಿಯ ಪಡೆಗೆ ಸೇರಿದ. ಅಂದಿನಿಂದ ಊರು ಓರಗಿತ್ತಿಯನ್ನು ವೈರಿಯ ಹೆಂಡತಿ ಎಂದು ನೋಡತೊಡಗಿತು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಬಾಗಿಲಕ್ಕ ಅದನ್ನು ಕಂಡರೂ ಬಾಯಿ ಬಿಡಲಿಲ್ಲ.

ಕಾಳಗದ ದಿನ ಬೆಳಿಗ್ಗೆ ರಾಜಕುಮಾರಿಯ ನಾಲ್ಕು ಸಾವಿರ ಜನ ಸೇತುವೆ ದಾಟಿ ಹೋದರು. ಹೋಗುವಾಗ ರಾಟೆಯ ಇಬ್ಬರು ಆಳುಗಳನ್ನೂ ಪಡೆಗೆ ಎಳೆದುಕೊಂಡರು. ತಮ್ಮ ಬಾಗಿಲ ಕೆಳಗೆ ನಿಂತು ಮೇಲೆ ನೋಡಿ, “ಅಕ್ಕಾ, ಸಂಜೆ ಊಟಕ್ಕೆ ಬರ್ತೀನಿ, ಇಟ್ಟಿರು” ಎಂದು ಕೂಗಿ ಹೋದ.

ಪಹರೆಯ ಮುಖ್ಯಸ್ಥ ಕೋಣೆಗೆ ಬಂದ. ಅವನು ಪಿಸುಗುಟ್ಟಿದರೂ ಮೂರು ಬೀದಿಗೆ ಕೇಳಿಸುತ್ತಿದ್ದುದರಿಂದ ಎಲ್ಲರೂ ಅವನನ್ನು ನಗಾರಿ ಎನ್ನುತ್ತಿದ್ದರು.

“ಅರಮನೆ ಗೋಪುರದ ಮೇಲೆ ಕೆಂಪು ಬಾವುಟ ಏರಿದ ಕೂಡ್ಲೇ ಗೂಟ ಕೀಳು. ಅಲ್ಲೀವರೆಗೆ ಮುಟ್ಟಬೇಡ.” ಆಮೇಲೆ ಮೂಲೆಯಲ್ಲಿ ಸರಪಳಿಗೆ ಕೊಬ್ಬು ಸವರುತ್ತಿದ್ದ ಓರಗಿತ್ತಿಯನ್ನು ನೋಡಿದ. “ಇವಳ್ಯಾಕೆ ಇಲ್ಲಿ? ಗಂಡ ಆ ಕಡೆ, ಹೆಂಡ್ತಿ ರಾಟೆ ಹತ್ರ. ಚೆನ್ನಾಗಿದೆ!”

“ಇಬ್ಬರಿಲ್ದೆ ಈ ರಾಟೆ ಅಲುಗಲ್ಲ” ಎಂದಳು ಬಾಗಿಲಕ್ಕ.

“ಬೇರೆಯವರನ್ನ ಕರ್ಕೋ.”

“ಯಾರನ್ನ? ಗಂಡಸರನ್ನೆಲ್ಲ ನೀವೇ ಕರ್ಕೊಂಡು ಹೋದ್ರಲ್ಲ.”

“ಅವಳ ಮೇಲೆ ಒಂದು ಕಣ್ಣಿರಲಿ” ಎಂದು ಗುಡುಗಿ ನಗಾರಿ ಕೆಳಗಿಳಿದು ಹೋದ. ಮೆಟ್ಟಿಲ ಬಾಗಿಲನ್ನು ಹಾಕಿಕೊಳ್ಳುವುದು ಇಬ್ಬರು ಹೆಂಗಸರಿಗೂ ನೆನಪಾಗಲಿಲ್ಲ. ಓರಗಿತ್ತಿ ತಲೆ ಎತ್ತದೆ ಕೊಬ್ಬು ಸವರುತ್ತಲೇ ಇದ್ದಳು. ಅವಳು ಒಳ್ಳೆಯವಳು ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲವಲ್ಲ ಎಂದು ಬಾಗಿಲಕ್ಕನಿಗೆ ಚುಚ್ಚಿತು.

ನಡುಹಗಲಿನ ಹೊತ್ತಿಗೆ ಬಯಲಿನಲ್ಲಿ ಮಂಜು ಎದ್ದಿತು.

ಚಿಕ್ಕದೊರೆಯ ಬಳಿ ಉತ್ತರದ ಜೌಗಿನಿಂದ ಬಂದ ಮಂಜುಗಾರರು ಇದ್ದಾರೆ, ಮಡಕೆಗಳಲ್ಲಿ ಯಾವುದೋ ಪಾಚಿಯನ್ನು ಸುಟ್ಟು ಸುಡುಬಿಸಿಲಲ್ಲೂ ಮಂಜು ಎಬ್ಬಿಸುತ್ತಾರೆ ಎಂದು ಸಂತೆಯಲ್ಲಿ ಜನ ಹೇಳುತ್ತಿದ್ದರು. ಬಾಗಿಲಕ್ಕ ನಂಬಿರಲಿಲ್ಲ. ಈಗ ಕಿಂಡಿಯಿಂದ ನೋಡಿದರೆ ಬೂದುಬಣ್ಣದ ಗೋಡೆಯೊಂದು ಎದ್ದು ಬಂದು ಬಯಲನ್ನು ನುಂಗಿತು, ನದಿಯನ್ನು ನುಂಗಿತು, ಸೇತುವೆಯ ಮೇಲೆ ಹರಿಯಿತು. ಹಿಂದಿನ ಕಿಂಡಿಗೆ ಓಡಿ ನೋಡಿದಳು. ಅರಮನೆಯ ಗೋಪುರವೇ ಇರಲಿಲ್ಲ.

“ಬಾವುಟ ಕಾಣಲ್ಲ” ಎಂದಳು. ಬೆಕ್ಕು ಎಲ್ಲೂ ಇರಲಿಲ್ಲ, ಓರಗಿತ್ತಿಗೇ ಹೇಳಿದಳು.

“ಹಾಗಾದ್ರೆ ಯಾವಾಗ ಬಿಡೋದು?”

“ಗೊತ್ತಿಲ್ಲ.”

ಮೊದಲು ಕೇಳಿಸಿದ್ದು ಓಡುವ ಕಾಲುಗಳ ಸದ್ದು. ಹತ್ತು ಜನ, ಐವತ್ತು ಜನ, ಆಮೇಲೆ ಎಣಿಸಲಾಗದಷ್ಟು. ಕೋಣೆಯ ನೆಲದಲ್ಲಿ ಬಾಗಿಲ ಕೆಳಗಿನ ದಾರಿ ಕಾಣುವಂತೆ ಒಂದು ಉದ್ದನೆಯ ಸಂದು ಇತ್ತು. ಬಾಗಿಲಕ್ಕ ಬೋರಲು ಮಲಗಿ ನೋಡಿದಳು. ತೋಳಿಗೆ ಬಿಳಿ ಪಟ್ಟಿ ಕಟ್ಟಿದವರು, ರಾಜಕುಮಾರಿಯ ಕಡೆಯವರು, ಬಿದ್ದು ಎದ್ದು ಒಳಗೆ ಓಡುತ್ತಿದ್ದರು. ಕತ್ತಿಯಿಲ್ಲ, ಗುರಾಣಿಯಿಲ್ಲ, ಕೆಲವರಿಗೆ ಕಾಲಲ್ಲಿ ಕೆರವೂ ಇಲ್ಲ. ಒಂದೇ ರಾಜ್ಯದ ಎರಡು ಪಡೆಗಳಿಗೂ ಉಡುಪು ಒಂದೇ; ಪಟ್ಟಿಯ ಬಣ್ಣವೊಂದೇ ಬೇರೆ, ಅವರದು ಕಪ್ಪು.

“ಸೋತ್ವು” ಎಂದಳು ಅವಳು.

ಕೆಳಗೆ ನಗಾರಿಯ ಕೂಗು ಕೇಳಿಸಿತು. ಸೇತುವೆಯ ಮೇಲೆ ನಿಂತು, ಹಿಂದೆ ಎಷ್ಟು ಜನ ಬರುತ್ತಿದ್ದಾರೆ, ವೈರಿ ಎಷ್ಟು ದೂರ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿದ್ದ. ಯಾರೂ ನಿಲ್ಲುತ್ತಿರಲಿಲ್ಲ. ಆಮೇಲೆ ಕುದುರೆಗಳ ಗೊರಸಿನ ಸದ್ದು ಬಂತು. “ಬಾಗಿಲು—” ಎಂದು ನಗಾರಿ ಶುರುಮಾಡಿದ ಮಾತು ಅರ್ಧಕ್ಕೇ ನಿಂತಿತು. ಬಾಗಿಲು ಹಾಕು ಎನ್ನಲು ಹೊರಟಿದ್ದನೋ, ಹಾಕಬೇಡ ಎನ್ನಲೋ, ಯಾರಿಗೂ ತಿಳಿಯಲಿಲ್ಲ.

ಬಾಗಿಲಕ್ಕನ ಕೈ ಗೂಟದ ಮೇಲಿತ್ತು. ಕಿತ್ತರೆ ನಗರ ಉಳಿಯುತ್ತಿತ್ತು, ಹೊರಗಿನ ಸಾವಿರಾರು ಜನ ಸೇತುವೆಯ ಮೇಲೆ ಸಾಯುತ್ತಿದ್ದರು, ಅವರಲ್ಲಿ ತಮ್ಮನೂ ಒಬ್ಬ. ಕೀಳದಿದ್ದರೆ ಅವರ ಬೆನ್ನಿಗೇ ಕುದುರೆಗಳು ನುಗ್ಗುತ್ತಿದ್ದವು.

“ಅಕ್ಕ, ಮನುಷ್ಯ ಬಗ್ಗಿದ್ರೆ ಎಷ್ಟೆತ್ತರ ಇರ್ತಾನೆ?” ಎಂದಳು ಓರಗಿತ್ತಿ ಇದ್ದಕ್ಕಿದ್ದಂತೆ.

“ಈಗ ಇದೆಂಥಾ ಪ್ರಶ್ನೆ?”

“ಸೊಂಟದೆತ್ತರಕ್ಕೆ ಇಳಿಸಿ ನಿಲ್ಸೋಣ. ಬಗ್ಗಿಕೊಂಡು ಮನುಷ್ಯರು ಬರ್ತಾರೆ. ಕುದುರೆ ಬಗ್ಗುತ್ತಾ?”

“ನಡುವೆ ನಿಲ್ಸೋಕೆ ಗೂಟ ಇಲ್ವಲ್ಲೇ!”

“ಹಾರೆ ಇದೆ. ನಾವಿಬ್ಬರಿದ್ದೀವಿ.”

ಬಾಗಿಲಕ್ಕ ಅವಳ ಮುಖ ನೋಡಿದಳು. ನಗಾರಿ ಹೇಳಿದ ಮಾತು ತಲೆಯಲ್ಲಿ ಹಾದುಹೋಯಿತು. ಈ ರಾಟೆ ಕೈಬಿಟ್ಟಾಗ ಹಿಂದೊಮ್ಮೆ ಆಳೊಬ್ಬನ ದವಡೆಯೇ ಕಿತ್ತುಹೋಗಿತ್ತು. ಜೊತೆಗಿರುವವಳು ನಡುವೆ ಕೈಕೊಟ್ಟರೆ ಇನ್ನೊಬ್ಬಳ ಎದೆಗೂಡು ಪುಡಿ.

“ಹಿಡಿ” ಎಂದಳು.

ಇಬ್ಬರೂ ಭುಜ ಕೊಟ್ಟು ರಾಟೆಯನ್ನು ಹಿಡಿದು ಗೂಟ ಕಿತ್ತರು. ಎದುರುಭಾರದ ಕಲ್ಲುಗಳು ಬಾಗಿಲ ತೂಕವನ್ನು ಬಹುಪಾಲು ಹೊತ್ತಿದ್ದವು; ಉಳಿದದ್ದು ಇಬ್ಬರ ಬೆನ್ನಿಗೆ ಬಂತು. ರಾಟೆಯ ಕಡ್ಡಿಗಳನ್ನು, ಅರಗಳನ್ನು, ಒಂದೊಂದಾಗಿ ಬಿಡುತ್ತ ಬಂದರು. ಕೆಳಗೆ ಜಾಲರಿ ತಲೆಯ ಮೇಲೆ ಇಳಿಯುವುದನ್ನು ಕಂಡು ಜನ ಕಿರುಚಿಕೊಂಡರು. “ಬಗ್ಗಿ! ಬಗ್ಗಿ ಬನ್ನಿ!” ಎಂದು ಬಾಗಿಲಕ್ಕ ಸಂದಿನಿಂದ ಕೂಗಿದಳು. ಲೆಕ್ಕ ಹಿಡಿದಿದ್ದ ಅರ ಬಂದೊಡನೆ ಓರಗಿತ್ತಿ ಹಾರೆಯನ್ನು ಅರಗಳ ನಡುವೆ ತೂರಿಸಿ ನೆಲದ ತೊಲೆಗೆ ಕೊಟ್ಟಳು. ಇಬ್ಬರೂ ಅದರ ತುದಿಯ ಮೇಲೆ ಹೊಟ್ಟೆ ಹಾಕಿ ಬಿದ್ದರು. ಹಾರೆ ಬಾಗಿತು. ರಾಟೆ ನಿಂತಿತು.

ಮೊದಲ ಕುದುರೆ ಜಾಲರಿಗೆ ಬಂದು ಅಪ್ಪಳಿಸಿದ್ದು ಅವರ ಹಲ್ಲುಗಳಲ್ಲಿ ಕಂಪಿಸಿತು. ಇನ್ನೊಂದು. ಮತ್ತೊಂದು. ಕುದುರೆಗಳು ಇಕ್ಕಟ್ಟಾದ ಸೇತುವೆಯಲ್ಲಿ ಹೆದರಿ ತಿರುಗಿಬಿದ್ದವು. ಅವುಗಳ ಹೊಟ್ಟೆಯಡಿಯಿಂದ, ಕಾಲುಗಳ ನಡುವಿನಿಂದ ಜನ ನುಸುಳಿ ಬರುತ್ತಲೇ ಇದ್ದರು. ಅಂಬೆಗಾಲಿಟ್ಟು ಬರುವವರು, ಉರುಳಿ ಬರುವವರು, ಗಾಯಗೊಂಡವನ ಕೊರಳಪಟ್ಟಿ ಹಿಡಿದು ಎಳೆದು ತರುವವರು. ತೋಳುಗಳು ನಡುಗಿದವು. ಬೆವರು ಕಣ್ಣಿಗಿಳಿಯಿತು, ಒರೆಸಲು ಕೈಯಿಲ್ಲ.

“ಕೋಣ ಕೋಣ ಗುದ್ದಾಡ್ತಾವೆ, ನಡುವೆ ಗಿಡ ಅಪ್ಪಚ್ಚಿ” ಎಂದಳು ಓರಗಿತ್ತಿ ಏದುಸಿರು ಬಿಡುತ್ತ. “ಎಷ್ಟೊತ್ತು ಅಕ್ಕ?”

“ಆದಷ್ಟೊತ್ತು. ಮಾತಾಡಬೇಡ, ಉಸಿರು ಹಿಡ್ಕೋ.”

“ಎರಡು ವರ್ಷ ಮಾತಾಡದೆ ಕೂತಿದ್ದು ಸಾಕಾಗಿಲ್ವಾ?”

ಬಾಗಿಲಕ್ಕನಿಗೆ ಆ ಸಂಕಟದಲ್ಲೂ ನಗು ಬಂತು. ಆಗಲೇ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು.

“ಅತ್ತಿಗೆ” ಎಂದಿತು ಒಂದು ದನಿ.

ಹಾರೆಯ ಮೇಲೆ ಬಿದ್ದುಕೊಂಡೇ ಇಬ್ಬರೂ ಕತ್ತು ತಿರುಗಿಸಿದರು. ಮೆಟ್ಟಿಲ ಬಾಗಿಲಲ್ಲಿ ಮೈದುನ ನಿಂತಿದ್ದ. ಮೊಣಕಾಲವರೆಗೆ ಕೆಸರು, ತೋಳಲ್ಲಿ ಬಿಳಿ ಪಟ್ಟಿ. ಕತ್ತಿ ಒರೆಯಲ್ಲೇ ಇತ್ತು.

“ಬಿಳಿ ಪಟ್ಟಿ ಯಾವಾಗ ಕಟ್ಕೊಂಡೆ?” ಎಂದಳು ಬಾಗಿಲಕ್ಕ.

“ಹೆದರಬೇಡಿ. ಮೇಲೆ ಬಂದಿರೋದು ನಾನೊಬ್ಬನೇ.”

“ಕೇಳಿದ್ದಕ್ಕೆ ಹೇಳು.”

“ಸತ್ತೋನ ತೋಳಿಂದ ಬಿಚ್ಚಿದ್ದು.” ಅವನು ಒಳಗೆ ಬಂದ. “ಈ ಬಾಗಿಲ ಒಳಹೊರಗು ಗೊತ್ತಿರೋನು ನಾನೊಬ್ಬನೇ ಅಂತ ಕಳಿಸಿದ್ರು. ನಾನೂ ಕೈ ಹಾಕ್ತೀನಿ, ಮೂವರೂ ಸೇರಿ ರಾಟೆ ಮೇಲಕ್ಕೆತ್ತೋಣ. ಇಷ್ಟಕ್ಕೇ ಯುದ್ಧ ಮುಗೀತದೆ ಅತ್ತಿಗೆ. ಊರಿಗೆ ಕೊಳ್ಳಿ ಇಡಲ್ಲ ಅಂತ ಚಿಕ್ಕದೊರೆ ಮಾತು ಕೊಟ್ಟಿದ್ದಾರೆ. ಇವತ್ತು ಮುಗಿದ್ರೆ ಸತ್ತೋರು ಇಷ್ಟೇ ಜನ. ಮುಗೀದೆ ಹೋದ್ರೆ ವರ್ಷಗಟ್ಟಲೆ ಸಾಯ್ತಾರೆ.”

ಅವನು ಕೆಟ್ಟದ್ದು ಹೇಳುತ್ತಿದ್ದಾನೆ ಎಂದು ಬಾಗಿಲಕ್ಕನಿಗೆ ಅನ್ನಿಸಲಿಲ್ಲ. ಇವನು ಒಂಬತ್ತು ವರ್ಷದವನಿದ್ದಾಗ ಅವಳು ಮದುವೆಯಾಗಿ ಈ ಮನೆಗೆ ಬಂದದ್ದು. ಇವನ ಜ್ವರಕ್ಕೆ ನಿದ್ದೆಗೆಟ್ಟವಳು ಅವಳೇ. ಕತ್ತಿ ಹಿರಿದು ಬಂದಿದ್ದರೆ ಸುಲಭವಿತ್ತು. ಆದರೆ ಕತ್ತಿಯಿಂದ ಅವನಿಗೂ ಪ್ರಯೋಜನವಿರಲಿಲ್ಲ: ಈ ಇಬ್ಬರನ್ನು ಕಡಿದರೆ ಹಾರೆ ಹಾರಿ ಬಾಗಿಲು ಬೀಳುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು.

ಬಾಗಿಲಕ್ಕ ಬಗ್ಗಿ ಸಂದಿನತ್ತ ನೋಡಿದಳು. ಬಿದ್ದಿದ್ದ ಜಾಗದಿಂದ ಅರ್ಧವಷ್ಟೇ ಕಾಣುತ್ತಿತ್ತು. ಬೆನ್ನುಗಳು, ಬೆನ್ನುಗಳು. ಅವುಗಳ ಪಕ್ಕದಲ್ಲಿ, ಗೋಡೆಗೊತ್ತಿ, ಐದು ಜನ ಓಡದೆ ನಿಂತಿದ್ದರು. ಅವರ ತೋಳಲ್ಲೂ ಬಿಳಿ ಪಟ್ಟಿ. ಅವರ ನಡುವೆ ದಪ್ಪನೆಯ ಮರದ ದಿಮ್ಮಿ.

“ದಿಮ್ಮಿ ನಿನ್ನೋರದಾ?”

ಮೈದುನ ಸಂದಿನತ್ತ ಕಣ್ಣು ಹಾಯಿಸಿದ. ಅದೇ ಉತ್ತರವಾಯಿತು. ಆ ದಿಮ್ಮಿಯನ್ನು ಜಾಲರಿಯಡಿಗೆ ನಿಲ್ಲಿಸಿಬಿಟ್ಟರೆ ಮತ್ತೆ ಬಾಗಿಲು ಬೀಳುವಂತಿರಲಿಲ್ಲ. ಈ ನೂಕುನುಗ್ಗಲು ಒಂದಿಷ್ಟು ತೆಳುವಾಗುವುದನ್ನೇ ಅವರು ಕಾಯುತ್ತಿದ್ದರು.

“ಬಿಡೋಣ” ಎಂದಳು ಬಾಗಿಲಕ್ಕ ಓರಗಿತ್ತಿಗೆ.

“ಅತ್ತಿಗೆ, ಬೇಡ!” ಅವನು ಎರಡು ಹೆಜ್ಜೆ ಮುಂದೆ ಬಂದ. “ನಿಮ್ಮ ತಮ್ಮ ಬಾಗಿಲ ಕೆಳಗೇ ಇದ್ದಾನೆ. ಕಾಲಿಗೆ ಏಟಾಗಿ ತೆವಳ್ತಾ ಇದ್ದಾನೆ. ನಾನೇ ದಾಟ್ಕೊಂಡು ಬಂದೆ. ಈಗ ಬಿಟ್ರೆ ಅವನ ಬೆನ್ನ ಮೇಲೇ ಬೀಳುತ್ತೆ. ನಮ್ಮಮ್ಮನ ಆಣೆ.”

ಬಾಗಿಲಕ್ಕ ಸಂದಿನತ್ತ ಇನ್ನಷ್ಟು ಬಗ್ಗಿದಳು. ಕೆಳಗಿನ ಬೆನ್ನುಗಳಲ್ಲಿ ತಮ್ಮನ ಬೆನ್ನನ್ನು ಹುಡುಕಿದಳು. ಎಲ್ಲ ಬೆನ್ನೂ ಅವನದೇ ಅನ್ನಿಸಿತು. ದಿಮ್ಮಿ ಒಂದು ಮೊಳ ಮುಂದೆ ಸರಿಯಿತು.

“ಅಕ್ಕ” ಎಂದಳು ಓರಗಿತ್ತಿ. ಗಂಡನ ಮುಖವನ್ನೇ ನೋಡುತ್ತಿದ್ದಳು. “ಇವರು ಆಣೆ ಇಟ್ಟಾಗೆಲ್ಲ ಸುಳ್ಳೇ ಹೇಳಿರೋದು. ಹದಿಮೂರು ವರ್ಷ ಸಂಸಾರ ಮಾಡಿದೀನಿ, ನಂಗೊತ್ತು. ನಿಜ ಹೇಳೋವಾಗ ಆಣೆ ಇಡಲ್ಲ, ರೇಗ್ತಾರೆ.”

“ನಿಂಗೇನು ಗೊತ್ತೇ!” ಎಂದ ಅವನು.

“ಸುಳ್ಳಲ್ದೆ ಇದ್ರೆ?” ಬಾಗಿಲಕ್ಕನ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

“ಸುಳ್ಳಲ್ದೆ ಇದ್ರೆ ಆ ಪಾಪ ನಿಂಗೊಬ್ಬಳಿಗೇ ಅಲ್ಲ. ನಾನೂ ಬಿಡ್ತಾ ಇದೀನಲ್ಲ.”

ಬಾಗಿಲಕ್ಕ ಸಂದಿನತ್ತ ಬಾಯಿ ಮಾಡಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು: “ಹಿಂದಕ್ಕೆ ಸರೀರೋ! ಬಾಗಿಲು ಬೀಳುತ್ತೆ! ಸರೀರೋ!” ವೈರಿಗಳಿಗೂ ಕೇಳಿಸುತ್ತದೆಂದು ಗೊತ್ತಿತ್ತು. ಕೂಗದಿರಲು ಆಗಲಿಲ್ಲ. ದಿಮ್ಮಿಯವರು ಮುನ್ನುಗ್ಗಿದರು.

“ಒಂದು” ಎಂದಳು. “ಎರಡು.”

ಮೂರಕ್ಕೆ ಇಬ್ಬರೂ ಹಿಂದಕ್ಕೆ ನೆಗೆದರು.

ಮೈದುನ ರಾಟೆಯತ್ತ ಹಾರಿದ. ಹುಟ್ಟಿದಾಗಿನಿಂದ ಆ ರಾಟೆಯನ್ನು ಕಂಡವನು, ಅದನ್ನು ಬರಿಗೈಯಲ್ಲಿ ಹಿಡಿಯಲಾಗದು ಎಂಬುದನ್ನು ಆ ಗಳಿಗೆಯಲ್ಲಿ ಮರೆತ. ಚಿಮ್ಮಿದ ಹಾರೆ ಅವನ ಭುಜಕ್ಕೆ ಬಡಿದು ಗೋಡೆಗೆ ಎಸೆಯಿತು. ಸರಪಳಿಗಳು ಕೂಗುತ್ತ ಬಿಚ್ಚಿಕೊಂಡವು. ಕೆಳಗೆ ಜಾಲರಿ ದಿಮ್ಮಿಯ ತುದಿಯ ಮೇಲೆ ಬಿದ್ದು, ಅದನ್ನು ಸೀಳಿ, ನೆಲದಲ್ಲಿ ಕೊರೆದ ಸಾಲಿನಲ್ಲಿ ಕೂತಿತು. ಕಟ್ಟಡವೇ ಒಮ್ಮೆ ನಡುಗಿತು. ಓರಗಿತ್ತಿ ಓಡಿಹೋಗಿ ಕೆಳಗಿನ ತೂತಿಗೆ ಗೂಟ ಹೊಡೆದಳು.

ಒಳಗಿದ್ದವರು ಆ ಐವರ ಮೇಲೆ ಬಿದ್ದರು. ಹೊರಗೆ ತಮ್ಮವರು ಇನ್ನೂ ನೂರರಷ್ಟು ಜನ ಉಳಿದಿದ್ದರು. ಅವರು ಜಾಲರಿಯನ್ನು ಅಂಗೈಯಿಂದ ಬಡಿಯುವ ಸದ್ದು ಮೇಲೆ ಕೇಳಿಸಿತು. ಕೆಲವರು ನದಿಗೆ ಹಾರಿದರು. ಬಡಿಯುವ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಬಾಗಿಲಕ್ಕ ಕಿವಿ ಮುಚ್ಚಿಕೊಳ್ಳದೆ ನಿಂತಿದ್ದಳು. ಓರಗಿತ್ತಿ ಬಂದು ಪಕ್ಕದಲ್ಲಿ ನಿಂತಳು.

“ಅತ್ತಿಗೆ, ನೀರು” ಎಂದ ಮೈದುನ ಗೋಡೆಯ ಬುಡದಿಂದ. ಬಾಗಿಲಕ್ಕ ಕೊಟ್ಟಳು. ಅವನು ಕುಡಿಯುವಾಗ ತಲೆಯನ್ನೂ ಹಿಡಿದಳು. “ತಮ್ಮ ಎಲ್ಲಿದ್ದಾನೋ?” ಎಂದು ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡ.

ಹೊತ್ತು ಇಳಿಯುವ ಮೊದಲು ಮಂಜು ಕರಗಿತು. ಸೋತ ನಾಲ್ಕು ಸಾವಿರದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಒಳಗೆ ಬಂದಿದ್ದರು. ಅವರಲ್ಲಿ ಅರ್ಧದಷ್ಟು ಜನ ಬಂದದ್ದು ಬಾಗಿಲು ಇಳಿದ ಮೇಲೆ, ಬಗ್ಗಿಕೊಂಡು. ಕೂದಲು ಕತ್ತರಿಸಿಕೊಂಡು ಸಾಮಾನ್ಯ ಸೈನಿಕರ ಅಂಗಿ ತೊಟ್ಟು, ಗಾಯಗೊಂಡ ಒಬ್ಬನ ಕಾಲು ಹಿಡಿದು ನುಸುಳಿದ ಹುಡುಗಿಯೊಬ್ಬಳೂ ಅವರಲ್ಲಿದ್ದಳು. ಸಂಜೆ ಅವಳು ಮೆಟ್ಟಿಲು ಹತ್ತಿ ರಾಟೆಯ ಕೋಣೆಗೆ ಬಂದಾಗಲೇ ಅದು ರಾಜಕುಮಾರಿ ಎಂದು ತಿಳಿದದ್ದು. ಇಪ್ಪತ್ತೆರಡು ದಾಟಿರಲಿಲ್ಲ. ಮೊಣಕೈ ತರಚಿಹೋಗಿತ್ತು.

“ಬಾವುಟ ಏರಿಸೋ ಅಪ್ಪಣೆ ನಾನೇ ಕೊಡ್ಬೇಕಿತ್ತು” ಎಂದಳು. “ನಾನೇ ಹೊರಗಿದ್ದೆ. ಬಾಗಿಲು ಬೇಗ ಹಾಕಿದ್ರೆ ನಾನಿಲ್ಲ, ತಡ ಮಾಡಿದ್ರೆ ಊರಿಲ್ಲ. ನಡುವೆ ನಿಲ್ಸೋ ಯೋಚನೆ ಯಾರದು?”

“ಇವಳದು” ಎಂದು ಬಾಗಿಲಕ್ಕ ಓರಗಿತ್ತಿಯ ಭುಜ ಹಿಡಿದು ಮುಂದೆ ತಂದಳು. “ನನ್ನ ತಂಗಿ.”

ಮೈದುನನನ್ನು ನೇಣಿಗೆ ಹಾಕಬೇಕೆಂದು ಮಂತ್ರಿಗಳು ಹೇಳಿದರು. ರಾಜಕುಮಾರಿ ಬಾಗಿಲಕ್ಕನನ್ನು ಕರೆಸಿ ಕೇಳಿದಳು. ಬಾಗಿಲಕ್ಕ ನಡೆದದ್ದನ್ನು ನಡೆದಂತೆಯೇ ಹೇಳಿದಳು: ಸತ್ತವನ ಪಟ್ಟಿ ಕಟ್ಟಿಕೊಂಡು ಬಂದ, ಸುಳ್ಳು ಆಣೆ ಇಟ್ಟ, ಕತ್ತಿ ಮಾತ್ರ ಹಿರಿಯಲಿಲ್ಲ. “ನಾವು ಬಿಡ್ತೀವಿ ಅಂತ ಗೊತ್ತಾದ ಮೇಲೂ ಹಿರೀಲಿಲ್ಲ ತಾಯಿ. ಆಗ ನಮ್ಮನ್ನ ಕಡಿದ್ರೆ ಅವನು ಕಳ್ಕೊಳ್ಳೋದು ಏನೂ ಇರ್ಲಿಲ್ಲ.” ಅವನಿಗೆ ಸೆರೆಯಾಯಿತು, ಯುದ್ಧ ಮುಗಿಯುವವರೆಗೆ.

ಆರನೆಯ ದಿನ, ಮೊರ ಹಿಡಿದು ಕೂತಿದ್ದ ಸಾಮಂತರಲ್ಲಿ ನಾಲ್ವರು ರಾಜಕುಮಾರಿಯ ಕಡೆ ಪಡೆ ಕಳಿಸಿದರು. ಚಿಕ್ಕದೊರೆ ಬಯಲು ಬಿಟ್ಟು ಹಿಂದೆ ಸರಿದ. ಯುದ್ಧ ಅಲ್ಲಿಗೇ ಮುಗಿಯಲಿಲ್ಲ. ಮೂರು ವರ್ಷ ನಡೆಯಿತು. ಮೈದುನ ಹೇಳಿದ್ದು ನಿಜವಾಯಿತು ಎಂದು ಬಾಗಿಲಕ್ಕ ಎಷ್ಟೋ ಸಲ ಯೋಚಿಸಿದಳು. ಅವನ ಹೆಂಡತಿಯ ಮುಂದೆಯೂ ಅದನ್ನು ಹೇಳಿದಳು. “ನಿಜವೇ ಇರಬಹುದು” ಎಂದಳು ಓರಗಿತ್ತಿ. “ಆದ್ರೆ ಅವತ್ತು ನಮ್ಮ ಕಣ್ಣೆದುರಿಗಿದ್ದೋರು ಬೇರೆ ಜನ.”

ತಮ್ಮನ ಸುದ್ದಿ ಬಂದದ್ದೂ ಆ ಆರನೆಯ ದಿನವೇ. ಅವನ ತುಕಡಿಯ ಮುದುಕ ಬಿಲ್ಲುಗಾರನೊಬ್ಬ ನದಿಯ ಕೆಳದಂಡೆಯಲ್ಲಿ ಬದುಕುಳಿದು ಬಂದಿದ್ದ. ತಮ್ಮ ಬಿದ್ದದ್ದು ಬಯಲಿನ ಆಚೆ ಅಂಚಿನಲ್ಲಿ, ಮಂಜು ಏಳುವುದಕ್ಕೂ ಮೊದಲು, ಕಾಳಗ ಶುರುವಾದ ಮೊದಲ ಗಳಿಗೆಯಲ್ಲೇ ಎಂದ. ಸೇತುವೆಯವರೆಗೆ ಅವನು ಬಂದೇ ಇರಲಿಲ್ಲ.

ಬಾಗಿಲಕ್ಕನಿಗೆ ಮೊದಲು ಆದದ್ದು ಸಮಾಧಾನ. ಎದೆಯ ಮೇಲಿನ ಬಂಡೆ ಸರಿದಂಥ ಸಮಾಧಾನ. ತಮ್ಮ ಸತ್ತ ಸುದ್ದಿಗೆ ಸಮಾಧಾನವಾಯಿತಲ್ಲ ಎಂಬುದು ಹೊಳೆದೊಡನೆ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಅಳು ಬಂತು. ಓರಗಿತ್ತಿ ಪಕ್ಕದಲ್ಲಿ ಕೂತು ಅವಳ ಬೆನ್ನು ನೀವುತ್ತಿದ್ದಳು.

ಮರುದಿನ ಬೆಳಿಗ್ಗೆ, ಬಯಲಿನಿಂದ ಹೆಣಗಳನ್ನು ತರುವವರಿಗಾಗಿ ಇಬ್ಬರೂ ಸೇರಿ ಬಾಗಿಲನ್ನು ಪೂರ್ತಿ ಏರಿಸಿ ಗೂಟ ಹಾಕಿದರು. ಆಮೇಲೆ ಒಂದು ಚಾದರ ಮಡಚಿಕೊಂಡು, ಬಿಲ್ಲುಗಾರನನ್ನು ದಾರಿ ತೋರಿಸಲು ಕರೆದುಕೊಂಡು, ಅವರೂ ಸೇತುವೆ ದಾಟಿದರು. ಸೇತುವೆಯ ಕಲ್ಲುಗಳನ್ನು ಯಾರೋ ತೊಳೆದಿದ್ದರು, ರಕ್ತದ ಕಲೆ ಸರಿಯಾಗಿ ಹೋಗಿರಲಿಲ್ಲ. ಬಾಗಿಲಕ್ಕ ನಡುವೆ ಒಮ್ಮೆ ನಿಂತಳು.

“ನಡಿ ಅಕ್ಕ” ಎಂದಳು ಓರಗಿತ್ತಿ, ಅವಳ ಕೈಯಿಂದ ಚಾದರವನ್ನು ತೆಗೆದುಕೊಂಡು. “ಬಿಸಿಲೇರೋದ್ರೊಳಗೆ ಹುಡುಕೋಣ.”